ಐಡಿಇಯಲ್ಲಿ ಓಡುತ್ತೆ, ಸರ್ವರ್‌ನಲ್ಲಿ ಬೀಳುತ್ತೆ: ಜಾವಾ ಆರ್‌ಪಿಸಿ ಎರರ್‌ಗಳ ಬುಡ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಜಾವಾದಲ್ಲಿ ಬರೆದ ಎರಡು ಸರ್ವಿಸ್. ಒಂದು ಇನ್ನೊಂದನ್ನು ಜಿಆರ್‌ಪಿಸಿ (ನೆಟ್‌ವರ್ಕ್ ಮೇಲೆ ಬೇರೆ ಪ್ರೋಗ್ರಾಮ್‌ನ ಮೆಥಡ್ ಕರೆಯುವ ಆರ್‌ಪಿಸಿ ಲೈಬ್ರರಿ) ಮೂಲಕ ಕರೆಯುತ್ತದೆ. ಬಿಲ್ಡ್ ಮೇವನ್ ಟೂಲ್‌ನಲ್ಲಿ, ಕೊನೆಗೆ ಲೈಬ್ರರಿಗಳನ್ನೂ ಸೇರಿಸಿ ಒಂದೇ ದೊಡ್ಡ ಜಾರ್ (ಜಾವಾ ಕ್ಲಾಸ್‌ಗಳ ಜಿಪ್ ಫೈಲ್) ಮಾಡಿ ಸರ್ವರ್‌ಗೆ ಹಾಕುತ್ತೇವೆ. ಹೋದ ವಾರ ಹೊಸ ಲೈಬ್ರರಿ ಒಂದನ್ನು ಸೇರಿಸಿದೆವು. ಐಡಿಇಯಲ್ಲಿ (ಕೋಡ್ ಬರೆದು ಓಡಿಸಿ ನೋಡುವ ಟೂಲ್) ಸುಮಾರಾಗಿ ಎಲ್ಲ ಓಡುತ್ತದೆ. ಸರ್ವರ್‌ನಲ್ಲಿ ಮೊದಲು ನೋಸಚ್‌ಮೆಥಡ್‌ಎರರ್ ಬಂತು. ವರ್ಷನ್‌ಗಳನ್ನು ಅದಲು ಬದಲು ಮಾಡಿದ ಮೇಲೆ ಅದು ಹೋಯಿತು. ಆಮೇಲೆ ನೇಮ್ ರಿಸಾಲ್ವರ್ (ಹೆಸರಿನಿಂದ ಸರ್ವರ್ ವಿಳಾಸ ಹುಡುಕುವ ಭಾಗ) 'ಯುನಿಕ್ಸ್' ಸಪೋರ್ಟ್ ಇಲ್ಲ ಅಂತ ಇನ್ನೊಂದು. ಅದನ್ನೂ ಹೇಗೋ ದಾಟಿದೆವು. ಈಗ ಅನ್‌ಅವೈಲಬಲ್ ಅಂತ ಬರುತ್ತಿದೆ. ಎಲ್ಲ ಬಿಟ್ಟು ಜಿಆರ್‌ಪಿಸಿಯ ಹಳೇ ವರ್ಷನ್‌ಗೆ ಹೋಗುವುದೇ ಒಳ್ಳೆಯದಾ?

ಉತ್ತರ: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೊದಲಿಗೆ ಒಂದು ಸಮಾಧಾನದ ಮಾತು. ನಿಮಗೆ ಬಂದಿರುವುದು ಒಂದೇ ತೊಂದರೆಯ ಮೂರು ವೇಷ ಅಲ್ಲ, ಮೂರು ಬೇರೆ ಬೇರೆ ತೊಂದರೆ. ಮೊದಲನೆಯದು ಯಾವ ಜಾರ್ ಒಳಗೆ ಬಂತು ಎಂಬುದಕ್ಕೆ ಸೇರಿದ್ದು. ಎರಡನೆಯದು ಜಾರ್‌ಗಳನ್ನು ಒಟ್ಟಿಗೆ ಕಟ್ಟಿದ ರೀತಿಗೆ ಸೇರಿದ್ದು. ಮೂರನೆಯದು ಕಾನ್ಫಿಗರೇಶನ್‌ಗೆ. ಒಂದನ್ನು ದಾಟುವ ತನಕ ಮುಂದಿನದು ಕಾಣಿಸುವುದೇ ಇಲ್ಲ. ಹಾಗಾಗಿ ಎರರ್ ಬದಲಾಯಿತು ಅಂದರೆ ಕೆಲಸ ಕೆಟ್ಟಿತು ಅಂತಲ್ಲ, ಒಂದು ಹೆಜ್ಜೆ ಮುಂದೆ ಹೋದಿರಿ ಅಂತ.

ಆದರೆ 'ವರ್ಷನ್‌ಗಳನ್ನು ಅದಲು ಬದಲು ಮಾಡಿದ ಮೇಲೆ ಹೋಯಿತು', 'ಹೇಗೋ ದಾಟಿದೆವು' ಅಂತ ಬರೆದಿದ್ದೀರಲ್ವಾ, ಅದು ನನಗೆ ಚಿಂತೆ ತಂದ ಮಾತು. ಹೇಗೆ ಹೋಯಿತು ಅಂತ ಗೊತ್ತಿಲ್ಲದ ಎರರ್ ಮತ್ತೆ ಬರುತ್ತದೆ. ಮೇವನ್‌ನ ಪಾಮ್ ಫೈಲಿನಲ್ಲಿ (ಬೇಕಾದ ಲೈಬ್ರರಿಗಳ ಪಟ್ಟಿ) ಬರೆದಿರುವುದು ಒಂದು, ಓಡುತ್ತಿರುವ ಜೆವಿಎಂ (ಜಾವಾ ಕೋಡ್ ಓಡಿಸುವ ಎಂಜಿನ್) ಒಳಗೆ ಇರುವುದು ಇನ್ನೊಂದು. ಎರರ್ ಹುಟ್ಟುವುದು ಎರಡನೆಯ ಕಡೆ. ನಾವು ಮಾತ್ರ ಮೊದಲನೆಯದನ್ನೇ ತಿದ್ದುತ್ತಾ ಕೂರುತ್ತೇವೆ. ಏನನ್ನೇ ಬದಲಿಸುವ ಮೊದಲು ಓಡುತ್ತಿರುವ ಪ್ರೋಸೆಸ್ ಒಳಗೆ ನಿಜಕ್ಕೂ ಏನಿದೆ ಅಂತ ನೋಡಬೇಕು. ಈ ಉತ್ತರದಲ್ಲಿ ನಾನು ಹೇಳುವುದೆಲ್ಲ ಅದನ್ನು ನೋಡುವ ದಾರಿಗಳೇ.

ಮೊದಲನೆಯದರಿಂದ ಶುರು ಮಾಡೋಣ. ನೋಸಚ್‌ಮೆಥಡ್‌ಎರರ್ ಅಂದರೆ ಕ್ಲಾಸ್ ಸಿಕ್ಕಿದೆ, ಆದರೆ ಅದರೊಳಗೆ ಬೇಕಾದ ಮೆಥಡ್ ಇಲ್ಲ. ಕಂಪೈಲ್ ಆಗುವಾಗ ಒಂದು ವರ್ಷನ್ ಇತ್ತು, ಓಡುವಾಗ ಬೇರೆಯದು ಬಂತು. ಇದರ ಅಕ್ಕಪಕ್ಕದವರನ್ನೂ ಗುರುತು ಇಟ್ಟುಕೊಳ್ಳಿ. ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್ ಬಂದರೆ, ಯಾರೋ ಹೆಸರು ಹಿಡಿದು ಕ್ಲಾಸ್ ಕೇಳಿದರು, ಅದು ಇಲ್ಲವೇ ಇಲ್ಲ. ನೋಕ್ಲಾಸ್‌ಡೆಫ್‌ಫೌಂಡ್‌ಎರರ್ ಸ್ವಲ್ಪ ಮೋಸದ್ದು. ಕಂಪೈಲ್ ಆಗುವಾಗ ಇದ್ದ ಕ್ಲಾಸ್ ಈಗ ಇಲ್ಲ ಅಂತ ಇರಬಹುದು. ಅಥವಾ ಕ್ಲಾಸ್ ಇದೆ, ಆದರೆ ಅದರ ಸ್ಟಾಟಿಕ್ ಬ್ಲಾಕ್ ಮೊದಲ ಸಲವೇ ಬಿದ್ದುಹೋಗಿದೆ ಅಂತಲೂ ಇರಬಹುದು. 'ಕುಡ್ ನಾಟ್ ಇನಿಶಿಯಲೈಜ್ ಕ್ಲಾಸ್' ಅಂತ ಇದ್ದರೆ ಎರಡನೆಯದೇ. ಆಗ ಲಾಗ್‌ನಲ್ಲಿ ಮೇಲಕ್ಕೆ ಹೋಗಿ, ಅದೇ ಕ್ಲಾಸ್‌ನ ಮೊದಲ ಎಕ್ಸೆಪ್ಶನ್ ಹುಡುಕಿ. ನಿಜವಾದ ಕಾರಣ ಅಲ್ಲಿ ಒಂದೇ ಒಂದು ಸಲ ಬಂದು ಹೋಗಿರುತ್ತದೆ. ಆಮೇಲಿನ ನೂರು ಸಾಲು ಬರೀ ಅದರ ಪ್ರತಿಧ್ವನಿ.

ಜಿಆರ್‌ಪಿಸಿ ಬಳಸುವವರಿಗೆ ಜಾಸ್ತಿ ಸಿಗುವ ಉದಾಹರಣೆ ಜಿಆರ್‌ಪಿಸಿ ತಾನೇ ಬಳಸುವ ಗ್ವಾವಾ ಲೈಬ್ರರಿಯದು. ಪ್ರಿಕಂಡೀಶನ್ಸ್ ಕ್ಲಾಸ್‌ನ ಚೆಕ್‌ಆರ್ಗ್ಯುಮೆಂಟ್ ಮೆಥಡ್ ಇಲ್ಲ ಅಂತ ಎರರ್ ಬರುತ್ತದೆ. ಜಾರ್ ತೆಗೆದು ನೋಡಿದರೆ ಆ ಹೆಸರಿನ ಮೆಥಡ್ ಅಲ್ಲೇ ಕೂತಿರುತ್ತದೆ. ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ಜಾವಾ 8ರಂಥ ಹಳೇ ಜಾವಾದಲ್ಲಿ ಎರರ್ ಸಾಲಿನಲ್ಲಿ ಮೆಥಡ್ ಹೆಸರಿನ ಮುಂದೆ ಕೋಡ್ ಭಾಷೆಯ ತರಹ ಏನೋ ಇರುತ್ತಲ್ವಾ, ಅದನ್ನು ಬಿಟ್ಟು ಓದಬೇಡಿ. ಜೆಡ್ ಅಂದರೆ ಬೂಲಿಯನ್, ಐ ಅಂದರೆ ಇಂಟ್, ಜೆ ಅಂದರೆ ಲಾಂಗ್, ಎಲ್ ಅಕ್ಷರದಿಂದ ಸೆಮಿಕೋಲನ್ ತನಕ ಇರುವುದು ಕ್ಲಾಸ್ ಹೆಸರು, ಕೊನೆಯ ವಿ ಅಂದರೆ ವಾಯ್ಡ್. ಜೆವಿಎಂ ಮೆಥಡ್ ಹುಡುಕುವುದು ಬರೀ ಹೆಸರಿನಿಂದ ಅಲ್ಲ, ಹೆಸರು, ಪ್ಯಾರಾಮೀಟರ್‌ಗಳು, ರಿಟರ್ನ್ ಟೈಪ್ ಮೂರೂ ಹೊಂದಬೇಕು. ಗ್ವಾವಾ 20ರಲ್ಲಿ ಚೆಕ್‌ಆರ್ಗ್ಯುಮೆಂಟ್‌ಗೆ ಹೊಸ ಹೊಸ ಓವರ್‌ಲೋಡ್‌ಗಳು (ಅದೇ ಹೆಸರಿನ, ಬೇರೆ ಪ್ಯಾರಾಮೀಟರ್‌ಗಳ ಮೆಥಡ್‌ಗಳು) ಬಂದವು. ಅದಕ್ಕೂ ಮೊದಲು ಬಹುತೇಕ ಕರೆಗಳು ಒಂದೇ ವೇರಿಯಬಲ್ ಆರ್ಗ್ಯುಮೆಂಟ್ ಮೆಥಡ್‌ಗೆ ಹೋಗುತ್ತಿದ್ದವು. ಸೋರ್ಸ್ ಕೋಡ್ ಒಂದಕ್ಷರ ಬದಲಾಗದಿದ್ದರೂ, ಹೊಸ ಗ್ವಾವಾ ಇಟ್ಟು ಕಂಪೈಲ್ ಮಾಡಿದ ಬೈಟ್‌ಕೋಡ್ ಹೊಸ ಓವರ್‌ಲೋಡನ್ನೇ ಕೇಳುತ್ತದೆ. ಓಡುವಾಗ ಗ್ವಾವಾ 19 ಸಿಕ್ಕಿದರೆ ಅಲ್ಲಿಗೆ ಮುಗಿಯಿತು.

ಹಳೇ ಗ್ವಾವಾ ಎಲ್ಲಿಂದ ಬರುತ್ತದೆ? ನಿಮ್ಮ ವಿಷಯದಲ್ಲಿ ಹೊಸ ಲೈಬ್ರರಿ ಮೇಲೆಯೇ ನನ್ನ ಅನುಮಾನ. ಒಂದೇ ಲೈಬ್ರರಿಯ ಎರಡು ವರ್ಷನ್ ಎದುರಾದರೆ ಮೇವನ್ ದೊಡ್ಡದನ್ನು ಆರಿಸುವುದಿಲ್ಲ, ಹತ್ತಿರದ್ದನ್ನು ಆರಿಸುತ್ತದೆ. ನಿಮ್ಮ ಪ್ರಾಜೆಕ್ಟ್‌ನಿಂದ ಜಿಆರ್‌ಪಿಸಿ ದಾರಿಯಲ್ಲಿ ಗ್ವಾವಾ 32 ಮೂರು ಹೆಜ್ಜೆ ದೂರ, ಹೊಸ ಲೈಬ್ರರಿ ದಾರಿಯಲ್ಲಿ ಗ್ವಾವಾ 19 ಎರಡೇ ಹೆಜ್ಜೆ ಅಂತ ಇಟ್ಟುಕೊಳ್ಳಿ. ಮೇವನ್ 19ನ್ನು ತರುತ್ತದೆ. ದೂರ ಒಂದೇ ಆದರೆ ಪಾಮ್‌ನಲ್ಲಿ ಮೊದಲು ಬರೆದದ್ದು ಗೆಲ್ಲುತ್ತದೆ. ಅಂದರೆ ಎರಡು ಡಿಪೆಂಡೆನ್ಸಿಗಳ (ನಿಮಗೆ ಬೇಕಾದ ಲೈಬ್ರರಿಗಳ) ಸಾಲು ಹಿಂದೆ ಮುಂದೆ ಮಾಡಿದರೂ ಎರರ್ ಹುಟ್ಟಬಹುದು, ಹೋಗಲೂಬಹುದು. ನಿಮ್ಮ 'ಅದಲು ಬದಲು' ಕೆಲಸ ಮಾಡಿದ್ದು ಹೀಗೇ ಇರಬೇಕು. ಗ್ರೇಡಲ್ ಅನ್ನುವ ಇನ್ನೊಂದು ಬಿಲ್ಡ್ ಟೂಲ್ ಬೇರೆ ರೀತಿ, ಅದು ತಾನಾಗಿ ದೊಡ್ಡ ವರ್ಷನ್ ಆರಿಸುತ್ತದೆ. ಎರಡೂ ಬಳಸುವ ತಂಡಗಳಲ್ಲಿ 'ಅವರಲ್ಲಿ ಓಡುತ್ತೆ, ನಮ್ಮಲ್ಲಿ ಇಲ್ಲ' ಎಂಬ ಜಗಳಕ್ಕೆ ಇದೇ ಮೂಲ.

ನೋಡುವ ದಾರಿ ಸುಲಭ. ಮೇವನ್‌ನ ಡಿಪೆಂಡೆನ್ಸಿ ಟ್ರೀ ಕಮಾಂಡನ್ನು ವರ್ಬೋಸ್ ಆಯ್ಕೆ ಹಾಕಿ ಓಡಿಸಿ. ಯಾವ ವರ್ಷನ್ ಬಂತು ಅನ್ನುವುದರ ಜೊತೆ ಯಾವುದು ಸೋತು ಹೊರಗೆ ಬಿತ್ತು ಅನ್ನುವುದನ್ನೂ ಅದು ತೋರಿಸುತ್ತದೆ. ಇನ್‌ಕ್ಲೂಡ್ಸ್ ಆಯ್ಕೆಯಲ್ಲಿ ಗ್ವಾವಾ ಅಂತ ಕೊಟ್ಟರೆ ಬೇರೆ ಗದ್ದಲ ಇರುವುದಿಲ್ಲ. ಗ್ರೇಡಲ್ ಇದ್ದರೆ ಡಿಪೆಂಡೆನ್ಸಿ ಇನ್‌ಸೈಟ್ ಅನ್ನುವ ಟಾಸ್ಕ್ ಇದೆ, ಅದನ್ನು ರನ್‌ಟೈಮ್ ಕ್ಲಾಸ್‌ಪಾತ್ (ಓಡುವಾಗ ಕ್ಲಾಸ್ ಹುಡುಕುವ ಜಾರ್‌ಗಳ ಪಟ್ಟಿ) ಮೇಲೆ ಓಡಿಸಿ. ಕಂಪೈಲ್ ಕ್ಲಾಸ್‌ಪಾತ್ ಮೇಲೆ ಓಡಿಸಿ 'ಸರಿಯಾಗೇ ಇದೆಯಲ್ಲ' ಅಂದುಕೊಂಡವರನ್ನು ತುಂಬ ನೋಡಿದ್ದೇನೆ.

ಟ್ರೀ ಹೇಳುವುದು ಬಿಲ್ಡ್‌ನ ಕಥೆ ಮಾತ್ರ. ಸರ್ವರ್‌ನ ಕಥೆ ಸರ್ವರನ್ನೇ ಕೇಳಬೇಕು. ಜಾವಾ 9ರಿಂದ ಈಚೆಗೆ ಎಕ್ಸ್‌ಲಾಗ್ ಆಯ್ಕೆಗೆ ಕ್ಲಾಸ್ ಪ್ಲಸ್ ಲೋಡ್ ಅಂತ ಕೊಟ್ಟರೆ, ಜಾವಾ 8ರಲ್ಲಾದರೆ ವರ್ಬೋಸ್ ಕೋಲನ್ ಕ್ಲಾಸ್ ಅಂತ ಕೊಟ್ಟರೆ, ಪ್ರತಿ ಕ್ಲಾಸ್ ಯಾವ ಜಾರ್‌ನಿಂದ ಬಂತು ಅಂತ ಜೆವಿಎಂ ತಾನೇ ಹೇಳುತ್ತದೆ. ಸಾವಿರಾರು ಸಾಲು ಬರುತ್ತದೆ, ನಿಮಗೆ ಬೇಕಾದ ಕ್ಲಾಸ್ ಹೆಸರು ಹಾಕಿ ಹುಡುಕಿದರೆ ಒಂದೇ ಸಾಲು. ಆ ಒಂದು ಸಾಲು ಎರಡು ದಿನದ ಊಹೆಯನ್ನು ಉಳಿಸುತ್ತದೆ. ಆಪ್ ರೀಸ್ಟಾರ್ಟ್ ಮಾಡಿ ಇಷ್ಟೆಲ್ಲ ಲಾಗ್ ನೋಡಲು ಆಗದಿದ್ದರೆ, ಕೋಡ್‌ನಲ್ಲೇ ಆ ಕ್ಲಾಸ್‌ನ ಪ್ರೊಟೆಕ್ಷನ್ ಡೊಮೇನ್ ತೆಗೆದು, ಅದರ ಕೋಡ್ ಸೋರ್ಸ್‌ನ ಲೊಕೇಶನ್ ಪ್ರಿಂಟ್ ಮಾಡಿ. ಅದೂ ಜಾರ್‌ನ ಪೂರ್ತಿ ದಾರಿಯನ್ನೇ ಕೊಡುತ್ತದೆ. ನಿಮ್ಮದು ಒಂದೇ ದೊಡ್ಡ ಜಾರ್ ಆದ್ದರಿಂದ ಎರಡೂ ದಾರಿಯಲ್ಲಿ ಅದೇ ಜಾರ್ ಹೆಸರು ಬರಬಹುದು. ಆಗ ಜಾವಾಪಿ ಟೂಲನ್ನು ಆ ಜಾರ್ ಮೇಲೆ ಓಡಿಸಿ, ಪ್ರಿಕಂಡೀಶನ್ಸ್ ಕ್ಲಾಸ್‌ನೊಳಗೆ ಯಾವ ಯಾವ ಚೆಕ್‌ಆರ್ಗ್ಯುಮೆಂಟ್ ಇವೆ ಅಂತ ಕಣ್ಣಾರೆ ನೋಡಿ.

ಇಲ್ಲಿ ನನ್ನದೇ ಒಂದು ಅನುಭವ ಹೇಳಲೇಬೇಕು. ಒಂದು ತಂಡದ ಜೊತೆ ಕೂತಿದ್ದೆ. ಎರಡು ಮೆಷಿನ್, ಒಂದೇ ಫೋಲ್ಡರ್ ಕಾಪಿ ಮಾಡಿದ್ದು, ಒಂದೇ ಜಾವಾ. ಒಂದರಲ್ಲಿ ಓಡುತ್ತಿತ್ತು, ಇನ್ನೊಂದರಲ್ಲಿ ನೋಸಚ್‌ಮೆಥಡ್‌ಎರರ್. ಕ್ಲಾಸ್ ಲೋಡ್ ಲಾಗ್ ತೆಗೆಸಿದೆವು. ಒಂದರಲ್ಲಿ ಗ್ವಾವಾ ಒಂದು ಜಾರ್‌ನಿಂದ, ಇನ್ನೊಂದರಲ್ಲಿ ಬೇರೆ ಜಾರ್‌ನಿಂದ ಬಂದಿತ್ತು. ಲಿಬ್ ಫೋಲ್ಡರ್‌ನಲ್ಲಿ ಎರಡೂ ಇದ್ದವು, ಹಿಂದಿನ ಡಿಪ್ಲಾಯ್‌ಮೆಂಟ್‌ನ ಹಳೇ ಜಾರ್‌ಗಳನ್ನು ಯಾರೂ ಅಳಿಸಿರಲಿಲ್ಲ. ಕ್ಲಾಸ್‌ಪಾತ್ ಕೊಟ್ಟಿದ್ದು ಲಿಬ್ ಸ್ಲ್ಯಾಶ್ ಸ್ಟಾರ್ ಅಂತ. ಆ ಸ್ಟಾರ್ ಬಿಡಿಸುವಾಗ ಜಾರ್‌ಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ಜಾವಾ ಯಾವ ಭರವಸೆಯನ್ನೂ ಕೊಡುವುದಿಲ್ಲ. ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗಬಹುದು. ಅವತ್ತಿನಿಂದ ಹೊಸದನ್ನು ಹಾಕುವ ಮೊದಲು ಹಳೇ ಫೋಲ್ಡರನ್ನು ಪೂರ್ತಿ ಖಾಲಿ ಮಾಡಿಸುತ್ತೇನೆ.

ನಿಮ್ಮ ಆಪ್ ಬೇರೊಂದು ದೊಡ್ಡ ಪ್ಲಾಟ್‌ಫಾರ್ಮ್ ಒಳಗೆ ಓಡುವುದಾದರೆ, ಆ ಪ್ಲಾಟ್‌ಫಾರ್ಮ್ ತನ್ನ ಜಾರ್‌ಗಳನ್ನು ಮೊದಲು ಇಟ್ಟಿರಬಹುದು ಅನ್ನುವುದೂ ನೆನಪಿರಲಿ. ಹಡೂಪ್ 2ರ ಸಾಲಿನಲ್ಲಿ ಗ್ವಾವಾ 11 ಇರುತ್ತಿತ್ತು, ಅದರೊಳಗೆ ಜಿಆರ್‌ಪಿಸಿ ಓಡಿಸಲು ಹೋದವರೆಲ್ಲ ಒದ್ದಾಡಿದ್ದಾರೆ. ಅಂಥ ಕಡೆ ದೊಡ್ಡ ಜಾರ್ ಕಟ್ಟುವ ಮೇವನ್ ಶೇಡ್ ಪ್ಲಗಿನ್‌ನ ರೀಲೊಕೇಶನ್ ಬಳಸಿ ನಿಮ್ಮ ಗ್ವಾವಾದ ಪ್ಯಾಕೇಜ್ ಹೆಸರನ್ನೇ ಬದಲಿಸುವುದು ಬಿಟ್ಟರೆ ನೆಮ್ಮದಿಯ ದಾರಿ ಕಮ್ಮಿ.

ಸರಿ, ತಿದ್ದುವುದು ಹೇಗೆ? ಒಂದೊಂದೇ ಎಕ್ಸ್‌ಕ್ಲೂಶನ್ (ಈ ಲೈಬ್ರರಿ ತರಬೇಡ ಅನ್ನುವ ಸಾಲು) ಹಾಕುತ್ತಾ ಹೋಗಬೇಡಿ. ಇವತ್ತು ಹಾಕಿದ ಎಕ್ಸ್‌ಕ್ಲೂಶನ್ ಯಾಕೆ ಅಂತ ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಭಾಗದಲ್ಲಿ ಜಿಆರ್‌ಪಿಸಿಯ ಬಾಮ್ ಫೈಲನ್ನು (ಒಂದಕ್ಕೊಂದು ಹೊಂದುವ ವರ್ಷನ್‌ಗಳ ಪಟ್ಟಿ) ಇಂಪೋರ್ಟ್ ಮಾಡಿ. ಆಗ ಕೋರ್, ಸ್ಟಬ್, ಪ್ರೊಟೊಬಫ್ (ಮೆಸೇಜ್‌ಗಳನ್ನು ಬೈಟ್ ಮಾಡುವ) ಮಾಡ್ಯೂಲ್, ನೆಟ್ಟಿ (ನೆಟ್‌ವರ್ಕ್ ಕೆಲಸದ) ಮಾಡ್ಯೂಲ್ ಎಲ್ಲವೂ ಒಂದೇ ವರ್ಷನ್‌ನಲ್ಲಿ ಬರುತ್ತವೆ. ಕೋರ್ ಒಂದು ವರ್ಷನ್, ನೆಟ್ಟಿ ಮಾಡ್ಯೂಲ್ ಇನ್ನೊಂದು ವರ್ಷನ್ ಆದರೆ ಅಬ್‌ಸ್ಟ್ರಾಕ್ಟ್‌ಮೆಥಡ್‌ಎರರ್‌ನಂಥವು ಬರುತ್ತವೆ. ಆದರೆ ಆ ಬಾಮ್ ಜಿಆರ್‌ಪಿಸಿಯ ಮಾಡ್ಯೂಲ್‌ಗಳನ್ನು ಮಾತ್ರ ಹಿಡಿಯುತ್ತದೆ, ಗ್ವಾವಾ ಮತ್ತು ಪ್ರೊಟೊಬಫ್ ವರ್ಷನ್ ನೀವೇ ಗೊತ್ತು ಮಾಡಬೇಕು. ಬಾಮ್ ಹಾಕಿದೆವು, ಇನ್ನೂ ಸರಿಹೋಗಿಲ್ಲ ಅನ್ನುವವರು ಸಾಮಾನ್ಯವಾಗಿ ಇಲ್ಲಿ ಸಿಕ್ಕಿಕೊಂಡಿರುತ್ತಾರೆ. ಜೊತೆಗೆ ಎನ್‌ಫೋರ್ಸರ್ ಪ್ಲಗಿನ್‌ನಲ್ಲಿ ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್ ಅನ್ನುವ ನಿಯಮ ಹಾಕಿ. ಯಾರಾದರೂ ಕೇಳಿದ್ದಕ್ಕಿಂತ ಹಳೇ ವರ್ಷನ್ ಒಳಗೆ ಬಂದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಸರ್ವರ್‌ನಲ್ಲಿ ಬೀಳುವುದಕ್ಕಿಂತ ಅದು ಎಷ್ಟೋ ಮೇಲು.

ಪೇರೆಂಟ್ ಪಾಮ್ ಇದ್ದರೆ ಅದನ್ನೂ ತೆರೆದು ನೋಡಿ. ಪೇರೆಂಟ್‌ನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಎಲ್ಲೋ ಆಳದಲ್ಲಿರುವ ಡಿಪೆಂಡೆನ್ಸಿಯ ವರ್ಷನ್ನನ್ನೂ ಸದ್ದಿಲ್ಲದೆ ಕೆಳಗಿಳಿಸಬಲ್ಲದು. ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್ ನೆಟ್ಟಿಯ ವರ್ಷನ್ನನ್ನು ತಾನೇ ನಿರ್ಧರಿಸುತ್ತದೆ. ಜಿಆರ್‌ಪಿಸಿಗೆ ಬೇಕಾದ ನೆಟ್ಟಿ ಬೇರೆ ಇರಬಹುದು. ಅದಕ್ಕೇ ಜಿಆರ್‌ಪಿಸಿಯವರು ನೆಟ್ಟಿ ಶೇಡೆಡ್ ಅನ್ನುವ ಮಾಡ್ಯೂಲ್ ಕೊಟ್ಟಿದ್ದಾರೆ. ಅದರಲ್ಲಿ ನೆಟ್ಟಿ ಬೇರೆ ಪ್ಯಾಕೇಜ್ ಹೆಸರಿನಲ್ಲಿ ಒಳಗೇ ಇರುತ್ತದೆ, ಯಾರ ಜೊತೆಗೂ ತಾಗುವುದಿಲ್ಲ. ನೆಟ್ಟಿಯನ್ನು ನೀವು ನೇರವಾಗಿ ಮುಟ್ಟುವ ಅಗತ್ಯ ಇಲ್ಲದಿದ್ದರೆ ಅದನ್ನೇ ಆರಿಸಿಕೊಳ್ಳಿ. ಶೇಡೆಡ್ ಮತ್ತು ಸಾದಾ ಎರಡನ್ನೂ ಒಂದೇ ಆಪ್‌ನಲ್ಲಿ ಬೆರೆಸಬೇಡಿ, ಇಂಪೋರ್ಟ್‌ಗಳು ಕಲಸಿಹೋಗುತ್ತವೆ.

ಪ್ರೊಟೊಬಫ್ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಇಲ್ಲಿ ಎರಡು ವರ್ಷನ್ ಇವೆ. ಪ್ರೊಟೊಸಿ ಕಂಪೈಲರ್ ಕೋಡ್ ಹುಟ್ಟಿಸುತ್ತದೆ, ಪ್ರೊಟೊಬಫ್ ಜಾವಾ ಜಾರ್ ಅದನ್ನು ಓಡಿಸುತ್ತದೆ. ಕೋಡ್ ಹುಟ್ಟಿಸಿದ ವರ್ಷನ್ ಓಡಿಸುವ ವರ್ಷನ್‌ಗಿಂತ ಹೊಸದಾಗಿರಬಾರದು. ಇದನ್ನು ಮೀರುವಂತಿಲ್ಲ. ವರ್ಷನ್ ನಂಬರ್‌ಗಳೂ ತಲೆ ತಿರುಗಿಸುತ್ತವೆ. ಪ್ರೊಟೊಸಿ 25.1ರ ಜೋಡಿ ಜಾವಾದಲ್ಲಿ 3.25.1. ಅದರ ಮುಂದಿನ 26ಕ್ಕೆ ಜಾವಾದಲ್ಲಿ 4.26, ಅಂದರೆ ಮೇಜರ್ ನಂಬರೇ ಬದಲಾಯಿತು. ಮೆಷಿನ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಪ್ರೊಟೊಸಿ ಬಳಸುವವರು ಇದರಲ್ಲಿ ಬೀಳುವುದು ಜಾಸ್ತಿ, ಯಾಕೆಂದರೆ ಒಬ್ಬೊಬ್ಬರ ಮೆಷಿನ್‌ನಲ್ಲಿ ಒಂದೊಂದು ಇರುತ್ತದೆ. ಮೇವನ್ ಪ್ಲಗಿನ್‌ಗೆ ಪ್ರೊಟೊಸಿಯನ್ನು ಆರ್ಟಿಫ್ಯಾಕ್ಟ್ ಆಗಿ ಕೊಟ್ಟು, ಅದಕ್ಕೂ ಪ್ರೊಟೊಬಫ್ ಜಾವಾಕ್ಕೂ ಒಂದೇ ವರ್ಷನ್ ಪ್ರಾಪರ್ಟಿ ಇಡಿ.

ಜಾವಾ 8ರಿಂದ 11 ಅಥವಾ 17ಕ್ಕೆ ಹೋಗುವವರಿಗೆ ಕಾಣಿಸುವ ಇನ್ನೊಂದು: ಜಿಆರ್‌ಪಿಸಿ ಹುಟ್ಟಿಸಿದ ಕೋಡ್‌ನಲ್ಲಿ ಜಾವಾಎಕ್ಸ್ ಅನೊಟೇಶನ್ ಪ್ಯಾಕೇಜ್‌ನ ಜನರೇಟೆಡ್ ಸಿಗುತ್ತಿಲ್ಲ ಅನ್ನುವ ಕಂಪೈಲ್ ಎರರ್. ಜಾವಾ 11ರಲ್ಲಿ ಆ ಪ್ಯಾಕೇಜನ್ನು ಜೆಡಿಕೆಯಿಂದ ತೆಗೆದರು. ಅನೊಟೇಶನ್ ಎಪಿಐ ಜಾರನ್ನು ಕಂಪೈಲ್‌ಗೆ ಮಾತ್ರ ಸೇರಿಸಿದರೆ ಸಾಕು. ಕ್ಲಾಸ್ ಫೈಲ್ ವರ್ಷನ್ 61 ಅಂತ ಎರರ್ ಬಂದರೆ ಜಾರ್ ಜಾವಾ 17ಕ್ಕೆ ಕಂಪೈಲ್ ಆಗಿದೆ, ಓಡಿಸುತ್ತಿರುವುದು ಹಳೇ ಜಾವಾ. 55 ಅಂದರೆ ಜಾವಾ 11, 52 ಅಂದರೆ 8.

ಈಗ ನಿಮ್ಮ ಎರಡನೆಯ ಎರರ್. ನನಗೆ ಇದು ತುಂಬ ಇಷ್ಟದ ಉದಾಹರಣೆ, ಯಾಕೆಂದರೆ ಸಂದೇಶ ಎತ್ತಲೋ ತೋರಿಸುತ್ತದೆ, ಕಾರಣ ಇನ್ನೆಲ್ಲೋ ಇದೆ. 'ಯುನಿಕ್ಸ್' ಹೆಸರಿನ ನೇಮ್ ರಿಸಾಲ್ವರ್‌ನ ಅಡ್ರೆಸ್ ಟೈಪ್ ಟ್ರಾನ್ಸ್‌ಪೋರ್ಟ್‌ಗೆ ಒಗ್ಗುವುದಿಲ್ಲ ಅನ್ನುತ್ತದೆ. ನೀವು ಯುನಿಕ್ಸ್ ಸಾಕೆಟ್ ಕೇಳಿಯೇ ಇಲ್ಲ, ಬರೀ ಹೋಸ್ಟ್ ಮತ್ತು ಪೋರ್ಟ್ ಕೊಟ್ಟಿದ್ದೀರಿ. ಹಾಗಾದರೆ ಇದು ಎಲ್ಲಿಂದ ಬಂತು?

ಜಿಆರ್‌ಪಿಸಿ ತನ್ನ ಕೆಲವು ಭಾಗಗಳನ್ನು ಜಾವಾದ ಸರ್ವಿಸ್ ಲೋಡರ್ ಮೂಲಕ ಹುಡುಕುತ್ತದೆ. ಅಂಥ ಭಾಗಗಳನ್ನು ಕೊಡುವ ಜಾರ್‌ನ ಮೆಟಾ-ಇನ್ಫ್ ಫೋಲ್ಡರ್ ಒಳಗೆ ಸರ್ವಿಸಸ್ ಅನ್ನುವ ಫೋಲ್ಡರ್ ಇರುತ್ತದೆ. ಅಲ್ಲಿ ನೇಮ್‌ರಿಸಾಲ್ವರ್‌ಪ್ರೊವೈಡರ್ ಹೆಸರಿನ ಸಣ್ಣ ಟೆಕ್ಸ್ಟ್ ಫೈಲ್. ಕೋರ್ ಜಾರ್‌ನ ಆ ಫೈಲಿನಲ್ಲಿ ಡಿಎನ್‌ಎಸ್ ರಿಸಾಲ್ವರ್‌ನ ಕ್ಲಾಸ್ ಹೆಸರು ಇದೆ. ನೆಟ್ಟಿ ಮಾಡ್ಯೂಲ್‌ನ ಜಾರ್‌ನಲ್ಲಿ ಅದೇ ಹೆಸರಿನ ಫೈಲ್, ಅದರೊಳಗೆ ಯುನಿಕ್ಸ್ ಡೊಮೇನ್ ಸಾಕೆಟ್ ರಿಸಾಲ್ವರ್‌ನ ಹೆಸರು. ಐಡಿಇಯಲ್ಲಿ ಜಾರ್‌ಗಳು ಬೇರೆ ಬೇರೆ ಇರುತ್ತವೆ, ಎರಡೂ ಫೈಲ್ ಸಿಗುತ್ತವೆ, ಎಲ್ಲ ಸರಿ. ಫ್ಯಾಟ್ ಜಾರ್, ಅಂದರೆ ನಿಮ್ಮ ಆ ದೊಡ್ಡ ಜಾರ್, ಮಾಡುವಾಗ ಒಂದೇ ಹೆಸರಿನ ಎರಡು ಫೈಲ್ ಒಂದೇ ಜಾಗಕ್ಕೆ ಬರುತ್ತವೆ. ಒಂದು ಉಳಿಯುತ್ತದೆ, ಇನ್ನೊಂದು ಅಳಿಯುತ್ತದೆ. ಡಿಎನ್‌ಎಸ್ ಹೋಗಿ ಯುನಿಕ್ಸ್ ಮಾತ್ರ ಉಳಿದರೆ ನಿಮ್ಮ ಹೋಸ್ಟ್ ಹೆಸರನ್ನು ಯುನಿಕ್ಸ್ ರಿಸಾಲ್ವರ್ ಕೈಗೆ ಕೊಡುತ್ತದೆ. ನೀವು ಕಂಡ ಸಂದೇಶ ಅದು.

ಇದನ್ನು ಕಣ್ಣಿಂದಲೇ ನೋಡಬಹುದು. ಫ್ಯಾಟ್ ಜಾರನ್ನು ಅನ್‌ಜಿಪ್ ಮಾಡಿ ಆ ಟೆಕ್ಸ್ಟ್ ಫೈಲ್ ತೆರೆಯಿರಿ. ಎರಡು ಸಾಲು ಇರಬೇಕಾದ ಕಡೆ ಒಂದೇ ಸಾಲು ಇದ್ದರೆ ಅಲ್ಲಿಗೆ ಕಾರಣ ಸಿಕ್ಕಿತು. ಮೇವನ್ ಶೇಡ್ ಪ್ಲಗಿನ್‌ಗೆ ಸರ್ವಿಸಸ್ ರಿಸೋರ್ಸ್ ಟ್ರಾನ್ಸ್‌ಫಾರ್ಮರ್ ಸೇರಿಸಿ. ಗ್ರೇಡಲ್‌ನ ಶ್ಯಾಡೋ ಪ್ಲಗಿನ್ ಆದರೆ ಮರ್ಜ್ ಸರ್ವಿಸ್ ಫೈಲ್ಸ್ ಅನ್ನುವುದನ್ನು ಕರೆಯಿರಿ. ಫೈಲ್‌ಗಳನ್ನು ಅಳಿಸದೆ ಒಂದರ ಕೆಳಗೊಂದು ಸೇರಿಸುತ್ತವೆ. ಸ್ಪ್ರಿಂಗ್ ಬೂಟ್ ಮಾಡುವ ಜಾರ್‌ನಲ್ಲಿ ಈ ತೊಂದರೆ ಬರುವುದಿಲ್ಲ, ಅದು ಜಾರ್‌ಗಳನ್ನು ಬಿಚ್ಚದೆ ಹಾಗೇ ಒಳಗೆ ಇಡುತ್ತದೆ.

ಇದೇ ಕಾಯಿಲೆಯ ಇನ್ನೆರಡು ಲಕ್ಷಣ ಇವೆ. ಪಿಕ್ ಫಸ್ಟ್ ಪಾಲಿಸಿ ಸಿಗಲಿಲ್ಲ ಅಂತ ಬಂದರೆ ಲೋಡ್ ಬ್ಯಾಲೆನ್ಸರ್‌ನ ಸರ್ವಿಸ್ ಫೈಲ್ ಅಳಿದಿದೆ. ಕೆಲಸ ಮಾಡುವ ಚಾನೆಲ್ ಪ್ರೊವೈಡರ್ ಇಲ್ಲ, ನೆಟ್ಟಿ ಅಥವಾ ಓಕೆಎಚ್‌ಟಿಟಿಪಿ ಸೇರಿಸಿ ಅಂತ ಬಂದರೆ, ನಿಜಕ್ಕೂ ಆ ಜಾರ್ ಇಲ್ಲದಿರಬಹುದು, ಇಲ್ಲವೇ ಇದ್ದೂ ಅದರ ಸರ್ವಿಸ್ ಫೈಲ್ ಹೋಗಿರಬಹುದು. ನೀವು ಇದನ್ನು 'ಹೇಗೋ ದಾಟಿದೆವು' ಅಂದಿರಿ. ಬಹುಶಃ ಟಾರ್ಗೆಟ್‌ನಲ್ಲಿ ಹೋಸ್ಟ್ ಬದಲು ಬೇರೇನೋ ಕೊಟ್ಟಿದ್ದೀರಿ, ಅಥವಾ ಕೋಡ್‌ನಲ್ಲಿ ರಿಸಾಲ್ವರನ್ನು ಕೈಯಾರೆ ರಿಜಿಸ್ಟರ್ ಮಾಡಿದ್ದೀರಿ. ದಯವಿಟ್ಟು ಅದನ್ನು ತೆಗೆದು ಪ್ಲಗಿನ್ ಸರಿಮಾಡಿ. ಒಂದು ಸರ್ವಿಸ್ ಫೈಲ್ ಹೋಗಿದ್ದರೆ ಬೇರೆಯವೂ ಹೋಗಿರುತ್ತವೆ.

ಇನ್ನು ಅನ್‌ಅವೈಲಬಲ್. ಇದು ಜಿಆರ್‌ಪಿಸಿಯ ಸ್ಟೇಟಸ್ ಕೋಡ್ 14. ಈ ಪದದಿಂದ ಏನೂ ತಿಳಿಯುವುದಿಲ್ಲ, 'ಆಗಲಿಲ್ಲ' ಅಂದಷ್ಟೇ. ನಿಜವಾದ ಮಾತು ಕೆಳಗಿನ ಕಾಸ್ಡ್ ಬೈ ಸಾಲುಗಳಲ್ಲಿ ಇರುತ್ತದೆ. ನಿಮ್ಮ ಲಾಗಿಂಗ್ ಆ ಸಾಲುಗಳನ್ನು ನುಂಗಿ ಬರೀ ಮೆಸೇಜ್ ಪ್ರಿಂಟ್ ಮಾಡುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಜಿಆರ್‌ಪಿಸಿ ತನ್ನ ಲಾಗ್‌ಗಳನ್ನು ಜಾವಾದ ಸ್ವಂತ ಯುಟಿಲ್ ಲಾಗಿಂಗ್‌ಗೆ ಬರೆಯುತ್ತದೆ. ನೀವು ಲಾಗ್‌ಬ್ಯಾಕ್ ಅನ್ನುವ ಬೇರೆ ಲಾಗಿಂಗ್ ಲೈಬ್ರರಿ ಬಳಸುತ್ತಿದ್ದು ಮಧ್ಯದ ಬ್ರಿಜ್ ಹಾಕಿರದಿದ್ದರೆ ಅದರ ವಾರ್ನಿಂಗ್‌ಗಳು ನಿಮ್ಮ ಲಾಗ್ ಫೈಲಿಗೆ ಬರುವುದೇ ಇಲ್ಲ.

ಕಾಸ್ಡ್ ಬೈನಲ್ಲಿ ಕನೆಕ್ಷನ್ ರೆಫ್ಯೂಸ್ಡ್ ಅಂತ ಇದ್ದರೆ ಅದರ ಮುಂದಿನ ಐಪಿ ಮತ್ತು ಪೋರ್ಟ್ ಓದಿ. ಅರ್ಧಕ್ಕೆ ಅರ್ಧ ಜನರಿಗೆ ಉತ್ತರ ಅಲ್ಲೇ ಸಿಗುತ್ತದೆ. 127.0.0.1 ಅಂತ ಇದ್ದು ನಿಮ್ಮ ಆಪ್ ಡಾಕರ್‌ನಂಥ ಕಂಟೇನರ್ ಒಳಗಿದ್ದರೆ, ಅದು ತನ್ನನ್ನು ತಾನೇ ಕರೆಯುತ್ತಿದೆ. ಕಂಟೇನರ್‌ಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ವಿಳಾಸ ಸರಿ ಇದ್ದೂ ರೆಫ್ಯೂಸ್ ಆದರೆ ಸರ್ವರ್ 127.0.0.1ಕ್ಕೆ ಮಾತ್ರ ಬೈಂಡ್ ಆಗಿದೆಯಾ ನೋಡಿ. ಪೋರ್ಟ್ ನೀವು ಬರೆದದ್ದಲ್ಲದೆ ಬೇರೆ ಇದ್ದರೆ ಕಾನ್ಫಿಗರೇಶನ್ ಬೇರೆಲ್ಲಿಂದಲೋ ಬಂದಿದೆ. ಸ್ಪ್ರಿಂಗ್ ಬೂಟ್‌ನಲ್ಲಿ ಕಮಾಂಡ್ ಲೈನ್ ಮೇಲೆ, ಅದರ ಕೆಳಗೆ ಜಾವಾ ಸಿಸ್ಟಮ್ ಪ್ರಾಪರ್ಟಿ, ಅದರ ಕೆಳಗೆ ಎನ್ವಿರಾನ್‌ಮೆಂಟ್ ವೇರಿಯಬಲ್, ಆಮೇಲೆ ಫೈಲ್‌ಗಳು. ಜಾರ್ ಹೊರಗಿನ ಫೈಲ್ ಜಾರ್ ಒಳಗಿನದನ್ನು ಮುಚ್ಚುತ್ತದೆ. ಜಾರ್ ಒಳಗಿನ ಫೈಲ್ ತಿದ್ದಿ ತಿದ್ದಿ ಸುಸ್ತಾದವರು ಸರ್ವರ್‌ನಲ್ಲಿ ಜಾರ್ ಪಕ್ಕದಲ್ಲೇ ಇನ್ನೊಂದು ಫೈಲ್ ಇದೆಯಾ ಅಂತ ನೋಡಿರುವುದಿಲ್ಲ. ಜೆಸಿಎಂಡಿ ಟೂಲ್‌ಗೆ ಪ್ರೋಸೆಸ್ ಐಡಿ ಕೊಟ್ಟು ವಿಎಂ ಡಾಟ್ ಕಮಾಂಡ್ ಲೈನ್ ಮತ್ತು ವಿಎಂ ಡಾಟ್ ಸಿಸ್ಟಮ್ ಪ್ರಾಪರ್ಟೀಸ್ ಕೇಳಿ. ಓಡುತ್ತಿರುವ ಜೆವಿಎಂಗೆ ನಿಜಕ್ಕೂ ಏನು ಸಿಕ್ಕಿದೆ ಅಂತ ಅದು ತೋರಿಸುತ್ತದೆ. ಎಚ್‌ಟಿಟಿಪಿಎಸ್ ಪ್ರಾಕ್ಸಿ ಹೋಸ್ಟ್ ಅನ್ನುವ ಪ್ರಾಪರ್ಟಿ ಅಲ್ಲಿ ಕಂಡರೆ ಗಮನಿಸಿ, ಜಾವಾದ ಜಿಆರ್‌ಪಿಸಿ ಅದನ್ನೂ ಪಾಲಿಸುತ್ತದೆ. ಒಳಗಿನ ಸರ್ವಿಸ್‌ಗೆ ಹೋಗಬೇಕಾದ ಕರೆ ಪ್ರಾಕ್ಸಿಗೆ ಹೋಗಿ ಸಾಯುತ್ತದೆ.

ಕನೆಕ್ಟ್ ಆಗಿ ಆಮೇಲೆ ಮುರಿದರೆ ಟಿಎಲ್‌ಎಸ್ (ಕನೆಕ್ಷನ್‌ನ ಎನ್‌ಕ್ರಿಪ್ಶನ್) ಹೊಂದಿಕೆ ತಪ್ಪಿರಬಹುದು. ಜಿಆರ್‌ಪಿಸಿ ಚಾನೆಲ್ ಬಿಲ್ಡರ್ ತಾನಾಗಿ ಟಿಎಲ್‌ಎಸ್ ಬಳಸುತ್ತದೆ, ಬೇಡ ಅಂದರೆ ಯೂಸ್ ಪ್ಲೇನ್‌ಟೆಕ್ಸ್ಟ್ ಅಂತ ನೀವೇ ಹೇಳಬೇಕು. ಎರಡು ಕಡೆಯವರು ಬೇರೆ ಬೇರೆ ಅಂದುಕೊಂಡಿದ್ದರೆ ಸಂದೇಶ ಹೀಗಿರುತ್ತದೆ: ಮೊದಲು ಬಂದ ಫ್ರೇಮ್ ಸೆಟ್ಟಿಂಗ್ಸ್ ಅಲ್ಲ, ಮೊದಲ 5 ಬೈಟ್‌ಗಳು 1503010002. ಈ ಅಂಕಿಗಳನ್ನು ಸುಮ್ನೆ ಬಿಡಬೇಡಿ, ಅವು ಮಾತಾಡುತ್ತವೆ. 15 ಅಂದರೆ ಟಿಎಲ್‌ಎಸ್‌ನ ಅಲರ್ಟ್, 0301 ಟಿಎಲ್‌ಎಸ್ ವರ್ಷನ್, 0002 ಅಲರ್ಟ್‌ನ ಉದ್ದ. ಅಂದರೆ ಸರ್ವರ್ ಟಿಎಲ್‌ಎಸ್‌ನಲ್ಲಿದೆ, ನೀವು ಸಾದಾ ಮಾತಾಡಿದಿರಿ, ಅದು ಬೇಡ ಅಂದಿತು. 48545450 ಅಂತ ಶುರುವಾದರೆ ಅದು ಆಸ್ಕಿಯಲ್ಲಿ ಎಚ್‌ಟಿಟಿಪಿ ಎಂಬ ನಾಲ್ಕು ಅಕ್ಷರ. ನಿಮಗೆ ಉತ್ತರ ಕೊಟ್ಟದ್ದು ಎಚ್‌ಟಿಟಿಪಿ 1.1 ಸರ್ವರ್, ತಪ್ಪು ಪೋರ್ಟ್‌ಗೆ ಹೋಗಿದ್ದೀರಿ ಅಥವಾ ಮಧ್ಯದಲ್ಲಿ ಎಚ್‌ಟಿಟಿಪಿ 2 ಅರಿಯದ ಪ್ರಾಕ್ಸಿ ಇದೆ. ಸರ್ವರ್ ಕಡೆಯ ಲಾಗ್‌ನಲ್ಲಿ 'ನಾಟ್ ಆನ್ ಎಸ್‌ಎಸ್‌ಎಲ್ ಟಿಎಲ್‌ಎಸ್ ರೆಕಾರ್ಡ್' ಅಂತ ಇದ್ದು 505249ರಿಂದ ಶುರುವಾದರೆ, ಸಾದಾ ಎಚ್‌ಟಿಟಿಪಿ 2 ಕ್ಲೈಂಟ್ ಟಿಎಲ್‌ಎಸ್ ಬಾಗಿಲು ತಟ್ಟಿದೆ. ನಾನು ಈ ಬೈಟ್‌ಗಳನ್ನು ಓದಲು ಕಲಿತ ಮೇಲೆ ನೆಟ್‌ವರ್ಕ್ ತಂಡದವರ ಜೊತೆಗಿನ ವಾದಗಳು ಎಷ್ಟೋ ಕಮ್ಮಿಯಾದವು.

ಆರ್‌ಪಿಸಿ ಬೇರೆಯದಾದರೂ ಈ ಅಭ್ಯಾಸ ಕೆಲಸಕ್ಕೆ ಬರುತ್ತದೆ. ಥ್ರಿಫ್ಟ್ ಅನ್ನುವ ಆರ್‌ಪಿಸಿ ಬಳಸುವವರಿಗೆ ಫ್ರೇಮ್ ಸೈಜ್ 1195725856 ತುಂಬ ದೊಡ್ಡದು ಅಂತ ಎರರ್ ಬರುತ್ತದೆ. ಅಷ್ಟು ದೊಡ್ಡ ಡೇಟಾ ಯಾರೂ ಕಳಿಸಿಲ್ಲ. ಆ ಸಂಖ್ಯೆಯನ್ನು ಹೆಕ್ಸ್‌ಗೆ ತಿರುಗಿಸಿದರೆ 47455420, ಅಂದರೆ ಆಸ್ಕಿಯಲ್ಲಿ ಗೆಟ್ ಮತ್ತು ಒಂದು ಸ್ಪೇಸ್. ಯಾವುದೋ ಹೆಲ್ತ್ ಚೆಕ್ ನಿಮ್ಮ ಥ್ರಿಫ್ಟ್ ಪೋರ್ಟ್‌ಗೆ ಎಚ್‌ಟಿಟಿಪಿ ಕರೆ ಮಾಡುತ್ತಿದೆ. ಫ್ರೇಮ್ ಸೈಜ್ ಮೈನಸ್ 2147418111 ಅಂತ ಬಂದರೆ ಸರ್ವರ್ ಫ್ರೇಮ್ಡ್ (ಪ್ರತಿ ಮೆಸೇಜ್‌ಗೂ ಮೊದಲು ಅದರ ಉದ್ದ ಬರಬೇಕು ಅನ್ನುತ್ತದೆ), ಕ್ಲೈಂಟ್ ಅಲ್ಲ. ಜಾವಾದ ಸ್ವಂತ ಆರ್‌ಪಿಸಿಯಾದ ಆರ್‌ಎಂಐನಲ್ಲಿ ಬೇರೆ ಮೆಷಿನ್‌ಗೆ ಕರೆ ಮಾಡಿದರೂ 127.0.0.1ಕ್ಕೆ ಕನೆಕ್ಷನ್ ರೆಫ್ಯೂಸ್ಡ್ ಅಂತ ಬಂದರೆ, ಸರ್ವರ್ ತನ್ನ ಸ್ಟಬ್‌ನಲ್ಲಿ ಆ ವಿಳಾಸವನ್ನೇ ಬರೆದು ಕಳಿಸಿದೆ. ಸರ್ವರ್ ಕಡೆ ಆರ್‌ಎಂಐ ಸರ್ವರ್ ಹೋಸ್ಟ್‌ನೇಮ್ ಪ್ರಾಪರ್ಟಿ ಕೊಡಿ.

ಅನ್‌ಅವೈಲಬಲ್ ಹೋದ ಮೇಲೆ ಅನ್‌ಇಂಪ್ಲಿಮೆಂಟೆಡ್, ಅಂದರೆ ಕೋಡ್ 12, ಬಂದರೆ ಹೆದರಬೇಡಿ, ಈಗ ಸರ್ವರ್ ತಲುಪಿದ್ದೀರಿ. ಪ್ರೊಟೊ ಫೈಲಿನ ಪ್ಯಾಕೇಜ್ ಹೆಸರು ಎರಡು ಕಡೆ ಒಂದೇ ಇದೆಯಾ, ಸರ್ವರ್ ಬಿಲ್ಡರ್‌ಗೆ ಆ ಸರ್ವಿಸ್ ಸೇರಿಸಿದ್ದೀರಾ ನೋಡಿ. ಕೋಡ್ 8 ಬಂದು ಸಂದೇಶದಲ್ಲಿ 4194304 ಕಂಡರೆ ಒಳಬರುವ ಮೆಸೇಜ್‌ನ 4 ಎಂಬಿ ಮಿತಿ ಮೀರಿದೆ. ಕರೆ ಸುಮ್ಮನೆ ನೇತಾಡುತ್ತಾ ಏನೂ ಬರದಿದ್ದರೆ ಡೆಡ್‌ಲೈನ್ (ಕಾಯುವ ಸಮಯದ ಮಿತಿ) ಹಾಕಿಲ್ಲ ಅಂತ. ಜಿಆರ್‌ಪಿಸಿ ತಾನಾಗಿ ಯಾವ ಡೆಡ್‌ಲೈನನ್ನೂ ಹಾಕುವುದಿಲ್ಲ. ಪ್ರತಿ ಕರೆಗೂ ನೀವೇ ಹಾಕಿ.

ಕೊನೆಗೆ ನೀವು ಕೇಳಿದ ನೇರ ಪ್ರಶ್ನೆ, ಹಳೇ ವರ್ಷನ್‌ಗೆ ಹೋಗುವುದಾ? ಬೇಡ. ನಿಮ್ಮ ಮೂರು ತೊಂದರೆಗಳಲ್ಲಿ ಎರಡಕ್ಕೆ ಜಿಆರ್‌ಪಿಸಿಯ ವರ್ಷನ್‌ಗೂ ಸಂಬಂಧವೇ ಇಲ್ಲ. ಸರ್ವಿಸ್ ಫೈಲ್ ಅಳಿಸುವ ಪ್ಲಗಿನ್ ಹಳೇ ವರ್ಷನ್‌ನ ಫೈಲನ್ನೂ ಅಳಿಸುತ್ತದೆ. ತಪ್ಪು ಪೋರ್ಟ್ ಹಳೇ ವರ್ಷನ್‌ಗೂ ತಪ್ಪೇ. ಮೊದಲನೆಯದಕ್ಕೆ ಮಾತ್ರ ಹಳೇ ವರ್ಷನ್ ತಾತ್ಕಾಲಿಕ ಪರಿಹಾರ ಕೊಡಬಹುದು, ಆದರೆ ಆಗ ಗ್ವಾವಾ ನಿಮ್ಮ ಹೊಸ ಲೈಬ್ರರಿಯ ಮಾತಿನಂತೆಯೇ ನಡೆಯುತ್ತಿರುತ್ತದೆ. ಬದಲಿಗೆ ಬಾಮ್ ಹಾಕಿ, ಗ್ವಾವಾ ಮತ್ತು ಪ್ರೊಟೊಬಫ್ ವರ್ಷನ್‌ಗಳನ್ನು ಹೆಸರು ಹಿಡಿದು ಬರೆಯಿರಿ, ಶೇಡ್ ಪ್ಲಗಿನ್‌ಗೆ ಟ್ರಾನ್ಸ್‌ಫಾರ್ಮರ್ ಸೇರಿಸಿ, ಹೊಸ ಜಾರ್ ಕಟ್ಟಿ ಖಾಲಿ ಫೋಲ್ಡರ್‌ಗೆ ಹಾಕಿ. ಆಮೇಲೂ ಅನ್‌ಅವೈಲಬಲ್ ಉಳಿದರೆ ಕಾಸ್ಡ್ ಬೈನಿಂದ ಕೆಳಗಿನ ಪೂರ್ತಿ ಸಾಲುಗಳು, ಚಾನೆಲ್ ಕಟ್ಟುವ ಆ ನಾಲ್ಕೈದು ಸಾಲು ಕೋಡ್, ಮತ್ತು ಸರ್ವರ್ ಶುರುವಾಗುವಾಗಿನ ಲಾಗ್, ಈ ಮೂರನ್ನು ಕಳಿಸಿ. ಹೋಸ್ಟ್ ಹೆಸರು ಬೇಕಾದರೆ ಮರೆಮಾಡಿ, ಆದರೆ ಪೋರ್ಟ್ ಮತ್ತು ಆ 5 ಬೈಟ್‌ಗಳನ್ನು ಹಾಗೇ ಬಿಡಿ.